ರಾಸ್ತಾ ಎಂದರೆ ದಾರಿ ಅಲ್ಲ! ಬಾಬ್ ಮಾರ್ಲೆ ಅನುಯಾಯಿಯಾಗಿದ್ದ ಪಂಥಕ್ಕೆ ಈ ಹೆಸರು ಬಂದಿದ್ದು ಹೇಗೆ?

ಜಡೆಗಟ್ಟಿದ ಕೂದಲು, ಕೆಂಪು-ಹಳದಿ-ಹಸಿರು ಟೋಪಿ, ರೆಗೆ ಸಂಗೀತ. 'ರಾಸ್ತಾ' ಎಂದಾಕ್ಷಣ ನೆನಪಾಗುವುದು ಇವೇ. ಹಿಂದಿ ಬಲ್ಲವರಿಗೆ ಈ ಪದ ಕೇಳಿದರೆ ರಸ್ತೆ ನೆನಪಾಗಬಹುದು. ಆದರೆ ದಾರಿಗೂ ಈ ಹೆಸರಿಗೂ ಸಂಬಂಧವಿಲ್ಲ. ಇದು ಒಬ್ಬ ರಾಜನ ಹೆಸರಿನಿಂದ ಹುಟ್ಟಿದ ಪದ.

ಆ ರಾಜ ಇಥಿಯೋಪಿಯಾದ ತಫಾರಿ ಮಕೊನ್ನೆನ್. ಅಲ್ಲಿನ ಅಮ್ಹಾರಿಕ್ ಭಾಷೆಯಲ್ಲಿ 'ರಾಸ್' ಎಂದರೆ ತಲೆ. ನಮ್ಮ 'ಮುಖಂಡ' ಪದದಲ್ಲಿ ಮುಖ ಇರುವಂತೆ, ಅಲ್ಲಿ ತಲೆ ಎಂಬುದೇ ದೊಡ್ಡ ಸರದಾರರ ಬಿರುದಾಯಿತು. 1916ರಲ್ಲಿ ಸಿಂಹಾಸನದ ಉತ್ತರಾಧಿಕಾರಿಯಾದ ಅವರು 'ರಾಸ್ ತಫಾರಿ' ಎಂದು ಹೆಸರಾದರು. 1930ರ ನವೆಂಬರ್ 2ರಂದು 'ಹೈಲೆ ಸೆಲಾಸಿ' ಎಂಬ ಹೆಸರಿನಲ್ಲಿ ಚಕ್ರವರ್ತಿಯಾಗಿ ಅವರ ಪಟ್ಟಾಭಿಷೇಕ ನಡೆಯಿತು.

ಈ ಪಟ್ಟಾಭಿಷೇಕದ ಸುದ್ದಿ ದೂರದ ಜಮೈಕಾದಲ್ಲಿ ಸಂಚಲನ ಮೂಡಿಸಿತು. ಗುಲಾಮಗಿರಿಯ ನೋವುಂಡವರ ಮೊಮ್ಮಕ್ಕಳು ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದರು. ಕಪ್ಪುವರ್ಣೀಯ ಚಕ್ರವರ್ತಿಯಲ್ಲಿ ಕೆಲವರು ದೇವರನ್ನೇ ಕಂಡರು. ಹಾಗೆ ಬೋಧಿಸಿದ ಲಿಯೊನಾರ್ಡ್ ಹೋವೆಲ್ 1934ರಲ್ಲಿ ರಾಜದ್ರೋಹದ ಆರೋಪದ ಮೇಲೆ ಜೈಲು ಸೇರಿದರು. ಹೈಲೆ ಸೆಲಾಸಿ ಮಾತ್ರ ಕೊನೆವರೆಗೂ ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಾಗಿಯೇ ಉಳಿದರು.

ಬೈಗುಳವಾಗಿದ್ದ ಹೆಸರು

ಜಮೈಕಾದಲ್ಲಿ ದಶಕಗಳ ಕಾಲ 'ರಾಸ್ತಾ' ಎಂಬುದು ತಿರಸ್ಕಾರದ ಮಾತಾಗಿತ್ತು. 1963ರ ಕೋರಲ್ ಗಾರ್ಡನ್ಸ್ ಗಲಭೆಯ ನಂತರ ಪೊಲೀಸರು ಸಿಕ್ಕಸಿಕ್ಕ ರಾಸ್ತಾಗಳನ್ನು ಹಿಡಿದು ಥಳಿಸಿದರು, ಜಡೆ ಕತ್ತರಿಸಿದರು. ಇದಕ್ಕೆ ಅಲ್ಲಿನ ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ. ಈ ನಡುವೆ 1970ರ ದಶಕದಲ್ಲಿ ಬಾಬ್ ಮಾರ್ಲೆ ಹಾಡುಗಳು ಅದೇ ಹೆಸರನ್ನು ಜಗತ್ತಿಗೆ ಮುಟ್ಟಿಸಿದ್ದವು.

ಯಾವ ಪದ ಸರಿ?

ಇಂಗ್ಲಿಷ್ ನಿಘಂಟುಗಳಲ್ಲಿ ಅನುಯಾಯಿಗೆ 'ರಾಸ್ತಾಫೇರಿಯನ್', ಪಂಥಕ್ಕೆ 'ರಾಸ್ತಾಫೇರಿಯನಿಸಂ' ಎಂಬ ಪದಗಳಿವೆ. ಆದರೆ ಅನುಯಾಯಿಗಳಲ್ಲಿ ಹಲವರು ಎರಡನೆಯದನ್ನು ಒಪ್ಪುವುದಿಲ್ಲ. 'ಇಸಂ'ಗಳು ಜನರನ್ನು ಒಡೆಯುತ್ತವೆ, ತಮ್ಮದು ಸಿದ್ಧಾಂತವಲ್ಲ, ಬದುಕು ಎಂಬುದು ಅವರ ವಾದ. ಹಾಗಾಗಿ ಪಂಥಕ್ಕೂ ಅನುಯಾಯಿಗೂ 'ರಾಸ್ತಾಫರಿ' ಎಂದೇ ಹೇಳುತ್ತಾರೆ, ಮಾತಿನಲ್ಲಿ 'ರಾಸ್ತಾ'. ಹಲವರು ಕೊನೆಯ ಅಕ್ಷರವನ್ನು 'ರೈ' ಎಂದು ಉಚ್ಚರಿಸುತ್ತಾರೆ. ಅದರಲ್ಲಿ ಇಂಗ್ಲಿಷಿನ 'ಐ', ಅಂದರೆ 'ನಾನು' ಅಡಗಿದೆ. 'ನಾವು' ಎನ್ನುವಲ್ಲಿಯೂ ಅವರು 'ಐ ಅಂಡ್ ಐ' ಎನ್ನುತ್ತಾರೆ. ಎಲ್ಲರೊಳಗೂ ಒಂದೇ ದೈವವಿದೆ ಎಂಬುದು ಇದರ ಭಾವ.

ಇವರ ಮಾತಿನಲ್ಲಿ ಭಾರತದ ಪದವೊಂದೂ ಇದೆ. ಅದು 'ಗಾಂಜಾ'. 1845ರಿಂದ ಜಮೈಕಾದ ತೋಟಗಳಿಗೆ ಹೋದ ಭಾರತೀಯ ಕೂಲಿಗಳ ಜತೆ ಈ ಪದ ಅಲ್ಲಿಗೆ ತಲುಪಿತು. ರಾಸ್ತಾಗಳು ಅದನ್ನು ಧಾರ್ಮಿಕವಾಗಿ ಬಳಸಲು ಜಮೈಕಾದ ಕಾನೂನು 2015ರಲ್ಲಿ ಅವಕಾಶ ನೀಡಿತು.

ಹೀಗಾಗಿ ಜಡೆ ಬಿಟ್ಟವರೆಲ್ಲ ರಾಸ್ತಾಗಳಲ್ಲ. ಅದು ಕೇಶವಿನ್ಯಾಸದ ಹೆಸರಲ್ಲ, ಬೈಗುಳವನ್ನೇ ಬಿರುದಾಗಿಸಿಕೊಂಡ ಜನರ ಹೆಸರು.