ಬೋಟಿಗೊಂದು ತೊಟ್ಟಿಲು

ಮೇ ಕೊನೆಯ ವಾರ ಮಲ್ಪೆ ದಕ್ಕೆಯಲ್ಲಿ ಎಲ್ಲರಿಗೂ ಅವಸರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಜನರನ್ನು ಸೇಂಟ್ ಮೇರಿಸ್ ದ್ವೀಪಕ್ಕೆ ಕರೆದೊಯ್ಯುವ ನಾವೂ ಮಳೆಗಾಲಕ್ಕೆ ಮೊದಲು ದಡ ಸೇರಬೇಕು. ನನ್ನ 26 ಅಡಿಯ ಫೈಬರ್ ಬೋಟನ್ನು ಹೈಡ್ರಾ ಕ್ರೇನಿನಲ್ಲಿ ಎತ್ತಿಸಿ, ಮರದ ತೊಟ್ಟಿಲ ಮೇಲೆ ಕೂರಿಸಿ ಮುಗಿಯುವ ತನಕ ನನಗೆ ಊಟ ಸೇರುವುದಿಲ್ಲ.

ಕಡಲಲ್ಲಿದ್ದಾಗ ಬೋಟಿನ ಹೊಟ್ಟೆಯನ್ನು ನೀರು ಎಲ್ಲ ಕಡೆಯಿಂದ ಎತ್ತಿ ಹಿಡಿದಿರುತ್ತದೆ. ಮೇಲೆತ್ತಿದ ಕೂಡಲೇ ಅಷ್ಟೂ ಭಾರ ಅದರ ಅಡಿಯಲ್ಲಿ ಹಾಯಿಸಿದ ಎರಡು ಬೆಲ್ಟುಗಳ ಅಗಲಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಬೆಲ್ಟ್ ಎಲ್ಲಿ ಬೀಳಬೇಕು ಎಂಬುದರಲ್ಲೇ ಮುಕ್ಕಾಲು ಕೆಲಸ ಇದೆ. ಒಳಗಿನ ಅಡ್ಡಗೋಡೆಗಳ ನೇರಕ್ಕೆ ಅಂಚಿನಲ್ಲಿ ಪೇಂಟಿನಿಂದ ಗುರುತು ಹಾಕಿದ್ದೇನೆ. ಹಿಂದಿನ ಬೆಲ್ಟ್ ಶಾಫ್ಟಿಗಾಗಲಿ ಚುಕ್ಕಾಣಿಗಾಗಲಿ ತಾಗಕೂಡದು. ಎಂಜಿನ್ ಹಿಂಬದಿಯಲ್ಲಿರುವುದರಿಂದ ಭಾರದ ನಡುಬಿಂದುವೂ ಹಿಂದಕ್ಕಿದೆ. ಕ್ರೇನಿನ ಕೊಕ್ಕೆ ಬರಬೇಕಾದದ್ದು ಅದರ ನೆತ್ತಿಗೆ.

ಕೆಲವು ವರ್ಷಗಳ ಹಿಂದೆ ಪಕ್ಕದವರ ಬೋಟು ಎತ್ತುವಾಗ ಹಗ್ಗ ಹಿಡಿದಿದ್ದವನು ನಾನು. ಮುಂದಿನ ಬೆಲ್ಟು ಮೂತಿಯ ಓರೆಯಲ್ಲಿ ಸರ್ರನೆ ಜಾರಿತು. ಬೋಟು ಮುಗ್ಗರಿಸಿ ನೀರಿಗೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ, ದೇವರು ದೊಡ್ಡವನು. ಅಂದಿನಿಂದ ಎರಡು ಬೆಲ್ಟುಗಳನ್ನು ಎರಡೂ ಬದಿಯಲ್ಲಿ ಹಗ್ಗದಿಂದ ಒಂದಕ್ಕೊಂದು ಬಿಗಿದು ಕಟ್ಟದೆ ಎತ್ತಲು ನಾನು ಬಿಡುವುದಿಲ್ಲ. ತೂಗುವ ಬೋಟಿನ ಅಡಿಗೆ ಯಾರನ್ನೂ ಬಿಡುವುದಿಲ್ಲ. ತಿರುಗಿಸಬೇಕೆಂದರೆ ಮೂತಿಗೂ ಹಿಂಬದಿಗೂ ಕಟ್ಟಿದ ಉದ್ದ ಹಗ್ಗಗಳಿವೆ.

ಬೆಲ್ಟುಗಳು ಅಂಚಿನಿಂದ ಓರೆಯಾಗಿ ಒಂದೇ ಕೊಕ್ಕೆಗೆ ಹೋದರೆ ಬೋಟಿನ ಪಕ್ಕಗಳನ್ನು ಒಳಕ್ಕೆ ಹಿಂಡುತ್ತವೆ. ಓರೆ ನೆಲಮಟ್ಟಕ್ಕೆ 30 ಡಿಗ್ರಿಗೆ ಇಳಿದರೆ, ಭಾರ ಹಂಚಿಕೊಂಡ ಎರಡು ಎಳೆಗಳಲ್ಲಿ ಒಂದೊಂದರ ಮೇಲೂ ಇಡೀ ಭಾರದಷ್ಟು ಎಳೆತ ಬೀಳುತ್ತದೆ. ಮೇಲೊಂದು ಕಬ್ಬಿಣದ ಅಡ್ಡತೊಲೆ ಹಾಕುವುದು ಅದಕ್ಕೇ. ಕ್ರೇನಿನ ಲೆಕ್ಕವೂ ಹಾಗೆಯೇ: 14 ಟನ್ನಿನ ಹೈಡ್ರಾ ಎಲ್ಲ ದೂರಕ್ಕೂ 14 ಟನ್ ಎತ್ತುವುದಿಲ್ಲ, ಬೂಮ್ ಚಾಚಿದಷ್ಟೂ ಶಕ್ತಿ ಕುಗ್ಗುತ್ತದೆ. ತಳದಲ್ಲಿ ನಿಂತ ನೀರನ್ನು ಮೊದಲೇ ಪಂಪ್ ಮಾಡಿ ತೆಗೆಯಬೇಕು. 200 ಲೀಟರ್ ಎಂದರೆ 200 ಕಿಲೋ, ಅದೂ ಬೋಟು ವಾಲಿದ ಕಡೆಗೇ ಓಡುವ ಭಾರ.

ನೀರಿನಿಂದ ಆರು ಇಂಚು ಮೇಲೆ ಬಂದ ಮೇಲೆ ನಿಲ್ಲಿಸುತ್ತೇವೆ. ಡ್ರೈವರ್ ಎಷ್ಟೇ ಗೊಣಗಲಿ, ಎರಡು ನಿಮಿಷ ಹಾಗೇ ಬಿಟ್ಟು ನೋಡುತ್ತೇನೆ. ಮೂತಿ ಇಳಿಯುತ್ತಿದೆಯೇ, ಬೆಲ್ಟಿನ ಹೊಲಿಗೆ ಬಿಚ್ಚುತ್ತಿದೆಯೇ, ಫೈಬರ್ ಕರಕರ ಎನ್ನುತ್ತಿದೆಯೇ? ಏನೇ ಕಂಡರೂ ವಾಪಸು ನೀರಿಗೆ.

ತೊಟ್ಟಿಲಲ್ಲಿ ಭಾರ ಹೊರಬೇಕಾದದ್ದು ಕೀಲ್, ಬೋಟಿನ ಬೆನ್ನೆಲುಬು. ಪಕ್ಕದ ಪ್ಯಾಡುಗಳು ಅದು ವಾಲದಂತೆ ಹಿಡಿದರೆ ಸಾಕು. ನಾನು ಪ್ರತಿ ಪ್ಯಾಡಿನ ಪಕ್ಕದಲ್ಲೂ ಅಂಗೈ ಸವರಿ ನೋಡುತ್ತೇನೆ. ಒಮ್ಮೆ ಅಲ್ಲಿ ತಟ್ಟೆಯಷ್ಟು ಅಗಲದ ತಗ್ಗು ಕೈಗೆ ಸಿಕ್ಕಿತ್ತು. ಪ್ಯಾಡ್ ಸಡಿಲಿಸಿ ಕೀಲ್ ಕೆಳಗೆ ಇನ್ನೊಂದು ದಿಮ್ಮಿ ಕೊಟ್ಟೆವು, ಸಂಜೆಯ ಹೊತ್ತಿಗೆ ತಗ್ಗು ಹೋಗಿತ್ತು. ಮಳೆಗಾಲವಿಡೀ ಹಾಗೇ ಬಿಟ್ಟಿದ್ದರೆ ಅದು ಅಲ್ಲೇ ಉಳಿದುಬಿಡುತ್ತಿತ್ತು.

ಮಳೆನೀರು ಹಿಂದಕ್ಕೆ ಹರಿಯಲೆಂದು ಮೂತಿಯನ್ನು ತುಸು ಎತ್ತರಿಸಿ, ತಳದ ಪ್ಲಗ್ ಬಿಚ್ಚಿ, ಅದನ್ನು ಎಂಜಿನ್ನಿನ ಕೀಲಿಗೇ ದಾರ ಹಾಕಿ ಕಟ್ಟುತ್ತೇನೆ. ಮಳೆಗಾಲ ಕಳೆದು ಬೋಟು ಇಳಿಸುವ ದಿನ ಮೊದಲು ಹುಡುಕುವುದು ಆ ಕೀಲಿಯನ್ನೇ.