ಗ್ರಾಹಕನನ್ನು ಅರಸುವ ಗಣಿತ

ಹಸಿರು ಮಾರ್ಗದ ಮೆಟ್ರೋ ರೈಲು ಯಶವಂತಪುರವನ್ನು ಬಿಟ್ಟು ರಾಜಾಜಿನಗರದ ಕಡೆಗೆ ಹೊರಟೊಡನೆ, ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯೆಂದು ಗಾಡಿಯೊಳಗಿನ ಧ್ವನಿಯು ಸಾರುತ್ತದೆ. ನಿಂತವರಿಗೂ ಕುಳಿತವರಿಗೂ, ಆ ಸಾಬೂನನ್ನು ಕೊಳ್ಳುವವರಿಗೂ ಎಂದೂ ಕೊಳ್ಳದವರಿಗೂ ಭೇದವಿಲ್ಲದೆ, 2014ರಿಂದ ದಿನವೆಲ್ಲ ನಡೆದುಬಂದಿರುವ ಇದಕ್ಕಿಂತ ಸುಲಭವಾದ ಪ್ರಚಾರವು ಬೇರೆ ಯಾವ ವ್ಯಾಪಾರಕ್ಕೆ ದೊರೆತೀತು!

ಪ್ರಚಾರದ ವಿಷಯದಲ್ಲಿ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿನಿಂದಲೂ ಚತುರವಾದುದು. ಮೊದಲನೆಯ ಮಹಾಯುದ್ಧದಿಂದಾಗಿ ಸಂಸ್ಥಾನದ ಶ್ರೀಗಂಧವು ಯೂರೋಪಿಗೆ ಹೋಗುವ ದಾರಿಗಳು ಮುಚ್ಚಿಹೋಗಲು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಉತ್ಸಾಹದಿಂದ, 1916ರಲ್ಲಿ ಮೈಸೂರಿನಲ್ಲಿ ಗಂಧದ ಎಣ್ಣೆಯ ಕಾರ್ಖಾನೆ ಏರ್ಪಟ್ಟಿತು. ಆ ಎಣ್ಣೆಯಿಂದ ಸಾಬೂನು ಮಾಡುವ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತುಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದನ್ನು ಬೆಂಗಳೂರಿನಲ್ಲಿ ಸಿದ್ಧಪಡಿಸಿದರು; ಕಾರ್ಖಾನೆಯು 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಬಂದಿತು. ಸೋಪಿಗೆ ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಡಬ್ಬಿಯ ಮೇಲೆ ಸಿಂಹದ ಒಡಲು ಆನೆಯ ತಲೆಯುಳ್ಳ ಶರಭ. ಊರೂರುಗಳಲ್ಲಿ ನಿಯಾನ್ ದೀಪದ ಫಲಕಗಳು, ಟ್ರಾಮ್ ಗಾಡಿಯ ಚೀಟಿಯ ಮೇಲೆ ಚಿತ್ರ, ಬೆಂಕಿಪೊಟ್ಟಣದ ಮೇಲೆ ಚಿತ್ರ. ಇವೂ ಸಾಲದೆಂದು ಕರಾಚಿ ನಗರದಲ್ಲಿ ಒಂಟೆಗಳ ಮೆರವಣಿಗೆ! ಆ ಒಂಟೆಗಳನ್ನು ನೋಡಿದವರಲ್ಲಿ ಎಷ್ಟು ಮಂದಿ ಮರುದಿನ ಅಂಗಡಿಗೆ ಹೋಗಿ ಸೋಪು ಕೊಂಡರೆಂಬುದನ್ನು ತಿಳಿಯುವ ಉಪಾಯವು ಮಾತ್ರ ಅಂದು ಯಾರ ಬಳಿಯೂ ಇರಲಿಲ್ಲ.

ಇಂದು ಆ ಉಪಾಯ ದೊರೆತಿದೆಯೆಂಬುದು ಅಂತರಜಾಲದ ಮೂಲಕ ಪ್ರಚಾರ ಮಾಡಿಕೊಡುವವರ ಹೆಮ್ಮೆ. 2025ರ ಮೇ ತಿಂಗಳಿನಲ್ಲಿ ಈ ಸಾಬೂನಿನ ಒಡೆತನವುಳ್ಳ ಸರ್ಕಾರಿ ಸಂಸ್ಥೆಯು ಚಿತ್ರನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.2 ಕೋಟಿ ರೂಪಾಯಿಗಳಿಗೆ ರಾಯಭಾರಿಯನ್ನಾಗಿ ಮಾಡಿಕೊಂಡಾಗ, ಕನ್ನಡದ ನಟಿಯರು ಇರಲಿಲ್ಲವೇ ಎಂಬ ಕೂಗು ನಾಡಿನಲ್ಲೆಲ್ಲ ಎದ್ದಿತು; ಕರ್ನಾಟಕದ ಹೊರಗಿನ ಮಾರುಕಟ್ಟೆಯನ್ನು ಹಿಡಿಯಬೇಕಾಗಿದೆ, ಸಾಮಾಜಿಕ ಜಾಲತಾಣಗಳಲ್ಲಿ ಆಕೆಗೆ ಕೋಟಿಗಟ್ಟಲೆ ಅನುಯಾಯಿಗಳಿದ್ದಾರೆ ಎಂಬ ಸಮಾಧಾನವೂ ಬಂದಿತು. ಇಷ್ಟು ಹಣವು ತರುವ ಹೊಸ ಗ್ರಾಹಕರು ಎಷ್ಟು ಮಂದಿ, ಅದನ್ನು ಎಣಿಸುವ ಬಗೆ ಯಾವುದು ಎಂಬ ಪ್ರಶ್ನೆ ಮಾತ್ರ ಎರಡು ಪಕ್ಷದವರ ಬಾಯಿಂದಲೂ ನನ್ನ ಕಿವಿಗೆ ಬೀಳಲಿಲ್ಲ. ವಿಜ್ಞಾನಕ್ಕೆ ಸಂಬಂಧಪಟ್ಟ ಪ್ರಶ್ನೆ ಇದೊಂದೇ. ಇದಕ್ಕೆ ಉತ್ತರವನ್ನು ಹುಡುಕುವ ಮುನ್ನ, ಕೋಟಿಗಳ ಮಾತನ್ನು ಬಿಟ್ಟು, ವಿಜಯನಗರದ ಒಂದು ಅಡ್ಡರಸ್ತೆಯ ಮನೆಯೊಳಕ್ಕೆ ಹೋಗುವುದು ಮೇಲು.

ಆ ಮನೆಯಲ್ಲಿ ಒಬ್ಬ ಗೃಹಿಣಿ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಾಳೆಂದು ಊಹಿಸೋಣ. ಸಾದಾ ಗಂಟಿನ ಕುಚ್ಚು, ಮಣಿ ಪೋಣಿಸಿದ ಕುಚ್ಚು, ಕೊಕ್ಕೆಯಿಂದ ಹೆಣೆಯುವ ಕ್ರೋಶ ಕುಚ್ಚು, ಹೀಗೆ ಅವಳ ಕೈಗೆಲಸ ನಾನಾ ತೆರನಾದುದು. ಅವಳ ಹೆಸರನ್ನು ಬಲ್ಲವರು ಮಾತ್ರ ಆ ಬೀದಿಯವರಷ್ಟೆ. ಅಟ್ಟಿಗುಪ್ಪೆಯಲ್ಲಿರುವ ಮತ್ತೊಬ್ಬಾಕೆ, ಮಗಳ ಮದುವೆಯ ಸೀರೆಗಳನ್ನು ಮಡಿಲಲ್ಲಿಟ್ಟುಕೊಂಡು, ಮೊಬೈಲಿನಲ್ಲಿ ಸೀರೆ ಕುಚ್ಚು ಎಂಬ ಎರಡು ಶಬ್ದಗಳನ್ನು ಬರೆದು ಬೆರಳೊತ್ತಿದ ಕ್ಷಣದಿಂದ, ಪರದೆಯ ಮೇಲೆ ಹೆಸರುಗಳ ಪಟ್ಟಿ ಮೂಡುವ ಕ್ಷಣದವರೆಗಿನ ಅಲ್ಪಕಾಲದಲ್ಲಿ ನಡೆಯುವ ವ್ಯವಹಾರವೇ ನಮ್ಮ ವಿಷಯ.

ಮೊದಲಿಗೆ ಹುಡುಕಾಟದ ಯಂತ್ರವು ಕೇಳಿದಾಕೆ ಎಲ್ಲಿರುವಳೆಂಬುದನ್ನು ತಿಳಿಯಬೇಕು. ಉಪಗ್ರಹಗಳು ಕಳುಹುವ ಸಂಕೇತಗಳು ಮೊಬೈಲನ್ನು ಮುಟ್ಟಲು ಹಿಡಿದ ಕಾಲವನ್ನು ಲೆಕ್ಕಹಾಕಿ ಸ್ಥಾನವನ್ನು ಕಂಡುಹಿಡಿಯುವುದು ಇದರ ಕ್ರಮ. ಬೆಳಕಿನ ವೇಗದಲ್ಲಿ ಚಲಿಸುವ ಆ ಸಂಕೇತದ ಎಣಿಕೆಯಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರು ತಪ್ಪುವುದಾದ ಕಾರಣ, ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನೇ ಇರಿಸಿದ್ದಾರೆ. ದೊರೆತ ಸ್ಥಾನವನ್ನು ಅಕ್ಷಾಂಶ ರೇಖಾಂಶಗಳ ದಶಮಾಂಶ ಸಂಖ್ಯೆಗಳಾಗಿ ಬರೆದಲ್ಲಿ, ನಾಲ್ಕನೆಯ ದಶಮಾಂಶ ಸ್ಥಾನದ ಒಂದು ಅಂಕೆಯು ಬೆಂಗಳೂರಿನ ನೆಲದ ಮೇಲೆ ಸುಮಾರು 11 ಮೀಟರಿಗೆ, ಎಂದರೆ ಒಂದು ಸೈಟಿನ ಅಳತೆಗೆ, ಸಮನಾಗುತ್ತದೆ.

ಎರಡನೆಯದು ವಿಳಾಸದ ತೊಡಕು; ನಮ್ಮ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಇದು ಸಾಮಾನ್ಯವಾದುದಲ್ಲ. ಮೂರನೇ ಮೇನು, ಐದನೇ ಕ್ರಾಸು ಎಂಬ ವಿಳಾಸವು ರಾಜಾಜಿನಗರದಲ್ಲಿಯೂ ಉಂಟು, ವಿಜಯನಗರದಲ್ಲಿಯೂ ಉಂಟು, ಬಸವೇಶ್ವರನಗರದಲ್ಲಿಯೂ ಉಂಟು. ರಾಜಾಜಿನಗರದಲ್ಲಿಯಾದರೋ ಬ್ಲಾಕಿನ ಸಂಖ್ಯೆಯನ್ನು ಹೇಳದೆ ಹೋದರೆ ಆಟೋದವರೂ ಕೈಚೆಲ್ಲುವರು. ಸಾಲದುದಕ್ಕೆ ಬಡಾವಣೆಯ ಹೆಸರನ್ನು ಒಬ್ಬರು ಒಡೆದು ಎರಡು ಪದವಾಗಿಯೂ, ಒಬ್ಬರು ಕೂಡಿಸಿಯೂ, ಮತ್ತೊಬ್ಬರು ಶಕಾರಕ್ಕೆ ಸಕಾರವನ್ನು ಹಾಕಿಯೂ ಬರೆಯುತ್ತಾರೆ. ಇಂಥ ಎರಡು ಬರಹಗಳು ಒಂದೇ ಊರನ್ನು ಕುರಿತವೇ ಎಂದು ನಿರ್ಣಯಿಸಲು ರಷ್ಯಾದ ಗಣಿತಜ್ಞ ವ್ಲಾಡಿಮಿರ್ ಲೆವೆನ್‌ಶ್ಟೈನ್ 1965ರಲ್ಲಿ ಒಂದು ಅಳತೆಯನ್ನು ಕೊಟ್ಟನು: ಒಂದು ಬರಹವು ಇನ್ನೊಂದಾಗಬೇಕಾದರೆ ಕನಿಷ್ಠಪಕ್ಷ ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂಬ ಎಣಿಕೆಯೇ ಅವೆರಡರ ನಡುವಣ ದೂರ. ಬಸವೇಶ್ವರನಗರಕ್ಕೂ ಬಸವೇಸ್ವರನಗರಕ್ಕೂ ಈ ಮಾನದಲ್ಲಿ ದೂರ ಒಂದು. ಬಸವೇಶ್ವರನಗರಕ್ಕೂ ವಿಜಯನಗರಕ್ಕೂ ಹಲವು. ನೆಲದ ಮೇಲೆ ಅವೆರಡು ನೆರೆಹೊರೆಯವೆಂಬುದು ಈ ಲೆಕ್ಕಕ್ಕೆ ತಿಳಿಯದು.

ಸ್ಥಳೀಯ ಹುಡುಕಾಟದಲ್ಲಿ ಯಾರ ಹೆಸರು ಮೇಲೆ ಬರಬೇಕೆಂಬುದನ್ನು ಗೂಗಲ್ ಸಂಸ್ಥೆಯವರು ಮುಖ್ಯವಾಗಿ ಮೂರು ಆಧಾರಗಳಿಂದ ನಿಶ್ಚಯಿಸುವುದಾಗಿ ಹೇಳುತ್ತಾರೆ: ಕೇಳಿದ ಮಾತಿಗೂ ಅಂಗಡಿಯ ವಿವರಣೆಗೂ ಇರುವ ಹೊಂದಿಕೆ, ದೂರ, ಮತ್ತು ಪ್ರಸಿದ್ಧಿ. ಈ ಪಟ್ಟಿಯಲ್ಲಿ ಹೆಸರು ನೋಂದಾಯಿಸಲು ಹಣ ತೆರಬೇಕಾದುದಿಲ್ಲ. ಹಣ ತೆತ್ತು ಮೇಲೇರುವುದೂ ಇಲ್ಲಿ ಆಗದು. ವಿಜಯನಗರದ ಗೃಹಿಣಿಯು ಕ್ರೋಶ ಕುಚ್ಚು ಎಂಬ ಶಬ್ದವನ್ನು ತನ್ನ ವಿವರಣೆಯಲ್ಲಿ ಬರೆದು, ಮನೆಯ ಗುರುತನ್ನು ನಕ್ಷೆಯಲ್ಲಿ ಸರಿಯಾಗಿ ನಿಲ್ಲಿಸಿ, ತಾನು ಕಟ್ಟಿದ ಕುಚ್ಚಿನ ಚಿತ್ರಗಳನ್ನು ಸೇರಿಸಿ, ಕೆಲಸ ಮಾಡಿಸಿಕೊಂಡವರಿಂದ ನಾಲ್ಕು ಮಾತುಗಳನ್ನು ಬರೆಸಿದಳಾದರೆ, ಈ ಮೂರರಲ್ಲಿ ಎರಡನ್ನು ತಾನೇ ಸಾಧಿಸಿಕೊಂಡಂತೆ. ದೂರವೊಂದು ಅವಳ ಕೈಯಲ್ಲಿಲ್ಲ. ಮೈಸೂರು ರಸ್ತೆಯ ಪಕ್ಕದಲ್ಲಿ ವೃಷಭಾವತಿಯ ಆಚೆ ದಡದಲ್ಲಿರುವವರಿಗೆ ಅವಳ ಮನೆ ನೇರವಾದ ಗೆರೆಯಲ್ಲಿ ಸಮೀಪವಾಗಿ ತೋರಿದರೂ, ಸೇತುವೆಯನ್ನು ಸುತ್ತಿಬರುವ ಕಾಲುಗಳಿಗೆ ಹಾಗಲ್ಲ.

ಹಣ ತೆತ್ತವರ ಹೆಸರು ಬೇರೆಯಾಗಿ, ಜಾಹೀರಾತೆಂಬ ಗುರುತಿನೊಡನೆ ಬರುತ್ತದೆ. ಅಲ್ಲಿ ನಡೆಯುವುದು ಹರಾಜು. ಈ ಹರಾಜಿನ ಕಥೆ ಸ್ವಾರಸ್ಯವಾದುದು. 1998ರಲ್ಲಿ ಅಮೆರಿಕದ ಗೋಟೂ ಎಂಬ ಸಂಸ್ಥೆಯು ಹುಡುಕಾಟದ ಶಬ್ದಗಳನ್ನು ಹರಾಜಿಗಿಟ್ಟು, ಹೆಚ್ಚು ಕೂಗಿದವನಿಗೆ ಮೇಲಿನ ಸ್ಥಾನವನ್ನೂ, ಅವನು ಕೂಗಿದ ಬೆಲೆಯನ್ನೇ ಶುಲ್ಕವಾಗಿಯೂ ಗೊತ್ತುಮಾಡಿತು. ಪರಿಣಾಮವಾಗಿ ವ್ಯಾಪಾರಿಗಳು ಒಬ್ಬರಿಗಿಂತ ಒಬ್ಬರು ಪೈಸೆ ಪೈಸೆ ಏರಿಸುತ್ತ ಹೋಗಿ, ಮೇಲುಮಟ್ಟವನ್ನು ಮುಟ್ಟಿ, ಥಟ್ಟನೆ ಕೆಳಕ್ಕಿಳಿದು, ಮತ್ತೆ ಏರಿಸುವ ಕೊನೆಯಿಲ್ಲದ ಚೇಷ್ಟೆಗೆ ತೊಡಗಿದರು. ಇದಕ್ಕೆ ಮದ್ದು ಹಳೆಯ ಗ್ರಂಥಭಂಡಾರದಲ್ಲಿ ಇದ್ದೇ ಇತ್ತು. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞನು 1961ರಲ್ಲಿಯೇ, ಗೆದ್ದವನು ತನ್ನ ಕೂಗಿನ ಬೆಲೆಯನ್ನು ಕೊಡದೆ ಎರಡನೆಯವನ ಕೂಗಿನ ಬೆಲೆಯನ್ನು ಕೊಡುವುದಾದರೆ, ಎಲ್ಲರೂ ತಮ್ಮ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನು ಹೇಳುವುದೇ ಅವರವರಿಗೆ ಲಾಭವೆಂದು ಸಾಧಿಸಿದ್ದನು. ಕಡಿಮೆ ಹೇಳಿದರೆ ಗೆಲ್ಲಬಹುದಾಗಿದ್ದುದನ್ನು ಸೋಲುವನು, ಹೆಚ್ಚು ಹೇಳಿದರೆ ನಷ್ಟಕ್ಕೆ ಗೆಲ್ಲುವನು. 1996ರಲ್ಲಿ ನೊಬೆಲ್ ಪುರಸ್ಕಾರದ ಸುದ್ದಿ ಬಂದ ಮೂರೇ ದಿನಗಳಲ್ಲಿ ಆತನು ತೀರಿಕೊಂಡನು. ಆ ತತ್ತ್ವವನ್ನು ಹೋಲುವ ಹರಾಜನ್ನು ಗೂಗಲ್ 2002ರಲ್ಲಿ ಕೈಕೊಂಡುದನ್ನು ನೋಡುವ ಭಾಗ್ಯ ಆತನಿಗಿರಲಿಲ್ಲ. ಹಲವು ಸ್ಥಾನಗಳನ್ನು ಒಟ್ಟಿಗೆ ಹರಾಜು ಹಾಕುವಲ್ಲಿ ವಿಕ್ರಿಯ ಸಿದ್ಧಾಂತ ಅಕ್ಷರಶಃ ಅನ್ವಯಿಸದೆಂಬುದನ್ನೂ ಹೇಳಿಬಿಡಬೇಕು.

ಕುಚ್ಚಿನ ಉದಾಹರಣೆಗೆ ಅಂಕೆಗಳನ್ನು ಇಟ್ಟುಕೊಂಡು ನೋಡೋಣ. ಮೂವರು ಸ್ಪರ್ಧಿಗಳು, ಜಾಹೀರಾತಿನ ಮೇಲೆ ಒಬ್ಬರು ಬೆರಳೊತ್ತಿದರೆ ಮೊದಲನೆಯವರು 12 ರೂಪಾಯಿ, ಎರಡನೆಯವಳಾದ ನಮ್ಮ ಗೃಹಿಣಿ 8 ರೂಪಾಯಿ, ಮೂರನೆಯವರು 5 ರೂಪಾಯಿ ಕೊಡಲು ಸಿದ್ಧ. ನೂರು ಮಂದಿಗೆ ತೋರಿಸಿದಲ್ಲಿ ಮೊದಲನೆಯವರನ್ನು ಇಬ್ಬರೂ, ಗೃಹಿಣಿಯನ್ನು ಐವರೂ, ಮೂರನೆಯವರನ್ನು ನಾಲ್ವರೂ ಆರಿಸುವರೆಂದು ಯಂತ್ರದ ಅಂದಾಜು. ಹಾಗಾದರೆ ನೂರು ಪ್ರದರ್ಶನಗಳಿಂದ ಬರಬಹುದಾದ ಹಣ ಕ್ರಮವಾಗಿ 24, 40, 20 ರೂಪಾಯಿ. ಕಡಿಮೆ ಕೂಗಿದ ಗೃಹಿಣಿಗೇ ಅಗ್ರಸ್ಥಾನ. ಅವಳು ಕೊಡಬೇಕಾದುದು ಕೆಳಗಿನವರ 24ನ್ನು ಮುಟ್ಟುವಷ್ಟು ಮಾತ್ರ, ಅಂದರೆ 24ನ್ನು 5ರಿಂದ ಭಾಗಿಸಿದರೆ ಬರುವ 4 ರೂಪಾಯಿ 80 ಪೈಸೆ. ಅವಳ ಕೆಳಗೆ ಕುಳಿತವರು ಮೂರನೆಯವರ 20ನ್ನು ಮುಟ್ಟಲು ತಮ್ಮ 2ರಿಂದ ಭಾಗಿಸಿ 10 ರೂಪಾಯಿ ತೆರುತ್ತಾರೆ. ಮೇಲಿನ ಆಸನಕ್ಕೆ ಅಗ್ಗದ ಬೆಲೆ, ಕೆಳಗಿನದಕ್ಕೆ ದುಬಾರಿ! ಜನಕ್ಕೆ ಬೇಕಾದುದನ್ನು ಸ್ಪಷ್ಟವಾಗಿ ಬರೆದ ಜಾಹೀರಾತಿಗೆ ಈ ಗಣಿತವು ಕೊಡುವ ರಿಯಾಯಿತಿಯು ಇಷ್ಟು ದೊಡ್ಡದು. ನಿಜವಾದ ವ್ಯವಹಾರದಲ್ಲಿ ಇನ್ನೂ ಹಲವು ಅಂಶಗಳು ಈ ಲೆಕ್ಕಕ್ಕೆ ಕೂಡುತ್ತವೆ; ತಿರುಳು ಮಾತ್ರ ಇದೇ.

ಇಬ್ಬರೇ, ಐವರೇ ಎಂಬ ಅಂದಾಜು ಹಿಂದೆ ಬೆರಳೊತ್ತಿದವರ ದಾಖಲೆಗಳಿಂದ ಬರುವುದು. ಯಾರು ಯಾವ ಪುಟವನ್ನು ನೋಡಿದರೆಂಬುದನ್ನು ನೆನಪಿಡುವ ಕುಕಿ ಎಂಬ ಸಣ್ಣ ಗುರುತನ್ನು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಕಲ್ಪಿಸಿದನು. ಅದರ ಅತಿಯಾದ ಉಪಯೋಗವು ಜನರ ಖಾಸಗಿ ಬದುಕಿನೊಳಕ್ಕೆ ಇಣುಕುವಷ್ಟು ಬೆಳೆದ ಮೇಲೆ ನಮ್ಮ ದೇಶದಲ್ಲಿಯೂ 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಶಾಸನವಾಯಿತು. ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನು ಅದು ನಿಷೇಧಿಸುತ್ತದೆ.

ಇನ್ನು, ಪ್ರಚಾರದ ಹಣವು ತರುವ ಹೊಸ ಗ್ರಾಹಕರು ಎಷ್ಟು ಮಂದಿ ಎಂಬ ಮೊದಲಿನ ಪ್ರಶ್ನೆ. ಜಾಹೀರಾತನ್ನು ಒತ್ತಿದವನು ವಸ್ತುವನ್ನು ಕೊಂಡನೆಂಬುದು ಯಂತ್ರಕ್ಕೆ ತಿಳಿಯುತ್ತದೆ. ಜಾಹೀರಾತಿಲ್ಲದಿದ್ದರೂ ಅವನು ಕೊಳ್ಳುತ್ತಿರಲಿಲ್ಲವೇ ಎಂಬುದು ತಿಳಿಯುವುದಿಲ್ಲ. 2012ರಲ್ಲಿ ಅಮೆರಿಕದ ಈಬೇ ಸಂಸ್ಥೆಯು ತನ್ನ ಹೆಸರನ್ನೇ ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ಪರೀಕ್ಷೆಗಾಗಿ ನಿಲ್ಲಿಸಿ ನೋಡಿತು. ಬರುತ್ತಿದ್ದವರೆಲ್ಲ ಹೆಚ್ಚುಕಡಿಮೆ ಹಾಗೆಯೇ ಬಂದರು, ಹಣ ತೆರದ ಪಕ್ಕದ ಬಾಗಿಲಿನಿಂದ! ಬಳಿಕ ದೇಶದ ಕೆಲವು ಪ್ರದೇಶಗಳಲ್ಲಿ ಬೇರೆ ಶಬ್ದಗಳ ಜಾಹೀರಾತನ್ನೂ ನಿಲ್ಲಿಸಿ, ಮಿಕ್ಕ ಪ್ರದೇಶಗಳೊಡನೆ ಹೋಲಿಸಿದಾಗ, ಪದೇ ಪದೇ ಕೊಳ್ಳುವ ಹಳಬರ ಮೇಲೆ ಅದರ ಪ್ರಭಾವ ಇಲ್ಲವೆಂದೂ, ಹೊಸಬರ ಮೇಲೆಯೂ ಅಪರೂಪಕ್ಕೆ ಬರುವವರ ಮೇಲೆಯೂ ಪ್ರಭಾವ ಉಂಟೆಂದೂ ಕಂಡುಬಂದಿತು. ನನ್ನ ಬುದ್ಧಿಗೆ ತೋರುವಂತೆ ಜಾಹೀರಾತಿನ ವಿಚಾರದಲ್ಲಿ ಇದಕ್ಕಿಂತ ಬೆಲೆಯುಳ್ಳ ತಿಳಿವಳಿಕೆ ಬೇರೊಂದಿಲ್ಲ. ಶರಭದ ಡಬ್ಬಿಯನ್ನು ಅಜ್ಜಿಯ ಕಾಲದಿಂದ ಬಲ್ಲ ಮಲ್ಲೇಶ್ವರದವರಿಗೆ ಮೈಸೂರು ಸ್ಯಾಂಡಲ್ ಸೋಪಿನ ಜಾಹೀರಾತನ್ನು ತೋರಿಸಿದರೆ ಹಣ ಪೋಲು. ಅದನ್ನು ಕಂಡರಿಯದ ದೂರದ ಊರಿನವರಿಗೆ ತೋರಿಸಿದರೆ ಫಲವುಂಟಾದೀತು. ಕರ್ನಾಟಕದ ಹೊರಗಿನ ಮಾರುಕಟ್ಟೆಯೆಂಬ ಸರ್ಕಾರದವರ ವಾದವು ಈ ಮಟ್ಟಿಗೆ ಶಾಸ್ತ್ರಸಮ್ಮತವೇ. ಕೆಲವು ಊರುಗಳನ್ನು ಬೇಕೆಂದೇ ಜಾಹೀರಾತಿಲ್ಲದೆ ಬಿಟ್ಟು ಹೋಲಿಸಿ ನೋಡದಿದ್ದರೆ ಅದು ವಾದವಾಗಿಯೇ ಉಳಿಯುವುದು.

ಈ ಹೋಲಿಕೆಯ ವಿದ್ಯೆ ಹುಟ್ಟಿದುದು ಹೊಲದಲ್ಲಿ. ಇಂಗ್ಲೆಂಡಿನ ರಾಥಂಸ್ಟೆಡ್ ಕೃಷಿಕ್ಷೇತ್ರದಲ್ಲಿ 1920ರ ದಶಕದಲ್ಲಿ ಕೆಲಸಮಾಡುತ್ತಿದ್ದ ರೊನಾಲ್ಡ್ ಫಿಶರ್, ಯಾವ ಮಡಿಗೆ ಗೊಬ್ಬರ ಹಾಕಬೇಕು, ಯಾವುದಕ್ಕೆ ಬಿಡಬೇಕು ಎಂಬುದನ್ನು ಪರೀಕ್ಷಕನ ಇಷ್ಟಕ್ಕೆ ಬಿಡದೆ ಚೀಟಿಯೆತ್ತಿ ನಿಶ್ಚಯಿಸಬೇಕೆಂದು ತೋರಿಸಿದನು. ಹಾಗಲ್ಲದಿದ್ದರೆ ಒಳ್ಳೆಯ ಮಣ್ಣಿನ ಗುಣವು ಗೊಬ್ಬರದ ಗುಣವಾಗಿ ಕಾಣುವುದು. ವ್ಯಾಪಾರದಲ್ಲಿ ಈ ಮಣ್ಣಿನ ಸ್ಥಾನದಲ್ಲಿರುವುದು ಪಂಚಾಂಗ. ಆಷಾಢದಲ್ಲಿ ಕೈಕಟ್ಟಿ ಕುಳಿತಿದ್ದ ನಮ್ಮ ಗೃಹಿಣಿಯು ಶ್ರಾವಣದ ಮೊದಲ ವಾರ ಜಾಹೀರಾತು ಕೊಟ್ಟಳೆನ್ನಿ. ವರಮಹಾಲಕ್ಷ್ಮಿಯ ಹಬ್ಬವೂ ಮದುವೆಯ ಮುಹೂರ್ತಗಳೂ ಒಟ್ಟಿಗೆ ಬಂದು ಸೀರೆಗಳು ರಾಶಿಬೀಳುತ್ತವೆ. ಪ್ರಚಾರ ಮಾಡಿಕೊಟ್ಟವನು ಬೀಗುತ್ತಾನೆ, ಅವಳು ನಂಬುತ್ತಾಳೆ.

ಹಾಗಾಗದಿರಬೇಕಾದರೆ ಪ್ರತಿ ಸೋಮವಾರ ಒಂದು ನಾಣ್ಯವನ್ನು ಚಿಮ್ಮಿ, ರಾಜಮುದ್ರೆ ಬಿದ್ದ ವಾರದಲ್ಲಿ 560040 ವಿಜಯನಗರಕ್ಕೂ 560079 ಬಸವೇಶ್ವರನಗರಕ್ಕೂ, ಅಂಕೆ ಬಿದ್ದ ವಾರದಲ್ಲಿ 560010 ರಾಜಾಜಿನಗರಕ್ಕೂ 560060 ಕೆಂಗೇರಿಗೂ ಜಾಹೀರಾತು ಹೋಗುವಂತೆ ಏರ್ಪಡಿಸಿ, ಬಂದವರ ಬಡಾವಣೆಯನ್ನು ಪುಸ್ತಕದಲ್ಲಿ ಬರೆದಿಡಬಹುದು. ಹಬ್ಬವು ನಾಲ್ಕು ಕಡೆಗೂ ಒಂದೇ ದಿನ ಬರುವುದರಿಂದ ಅದರ ಮೋಸ ಇಲ್ಲಿ ನಡೆಯದು. ಎಣಿಕೆಯ ತೂಗಾಟವನ್ನೂ ಲಕ್ಷಿಸಬೇಕು: ತಿಂಗಳಿಗೆ 400 ಗಿರಾಕಿಗಳು ಬರುವ ಅಂಗಡಿಯಲ್ಲಿ ಯಾವ ಕಾರಣವೂ ಇಲ್ಲದೆ 400ರ ವರ್ಗಮೂಲದಷ್ಟು, ಎಂದರೆ ಸುಮಾರು 20 ಮಂದಿ, ಹೆಚ್ಚುಕಡಿಮೆಯಾಗುವುದು ಸಹಜ, ಅಲ್ಲಿ ಜಾಹೀರಾತು ತಂದ ಹತ್ತು ಹನ್ನೆರಡು ಮಂದಿ ಕಣ್ಣಿಗೆ ಬೀಳರು. ಬರಿಯ 40 ಸೀರೆಗಳು ಬರುವ ಮನೆಯಲ್ಲಿ ಈ ತೂಗಾಟವು ಆರೇಳರಷ್ಟಾದುದರಿಂದ, 20 ಸೀರೆಗಳು ಹೆಚ್ಚಾಗಿ ಬಂದರೆ ಎರಡು ಮೂರು ತಿಂಗಳ ಪುಸ್ತಕವೇ ಅದನ್ನು ತೋರಿಸಬಲ್ಲುದು. ಕೋಟಿಗಟ್ಟಲೆ ಸೋಪು ಮಾರುವವರಿಗೂ ಇಂಥ ಹೋಲಿಕೆಯಿಲ್ಲದೆ ಉತ್ತರ ಸಿಕ್ಕುವುದು ದುರ್ಲಭ.