ಬೆನ್ನುಹುರಿಗೆ ಪೆಟ್ಟಾದ ಮೇಲಿನ ಮೊದಲ ವರ್ಷ

2004ರ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಶಾಖೆಗೆ ಸಹೋದ್ಯೋಗಿಯೊಬ್ಬರ ಪತ್ನಿ ಒಂದು ಲಕೋಟೆ ಹಿಡಿದು ಬಂದರು. ಅವರ ಯಜಮಾನರು ಎರಡು ತಿಂಗಳ ಹಿಂದೆ ಮುಂಬಯಿಯ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಬರುವಾಗ ಜನದ ಒತ್ತಡಕ್ಕೆ ಕೆಳಗೆ ಬಿದ್ದು, ಬೆನ್ನುಮೂಳೆ ಮುರಿದು, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿ ಆಸ್ಪತ್ರೆಯಲ್ಲಿದ್ದರು. ಲಕೋಟೆಯಲ್ಲಿದ್ದುದು ರಾಜೀನಾಮೆ ಪತ್ರ. ಭವಿಷ್ಯನಿಧಿ ಮತ್ತು ಗ್ರಾಚ್ಯುಟಿಯ ಹಣದಲ್ಲಿ ಸಾಲ ತೀರಿಸಿ ಧಾರವಾಡಕ್ಕೆ ಮರಳುವುದೆಂದು ಊರಿನಿಂದ ಬಂದ ಹಿರಿಯರು ಲೆಕ್ಕ ಹಾಕಿದ್ದರು. ಮೇಲಿನ ಕಚೇರಿಯ ಅಧಿಕಾರಿಯೊಬ್ಬರೂ ಅದೇ ಸರಿಯೆಂದಿದ್ದರಂತೆ. ಪತ್ರದ ಕೊನೆಯಲ್ಲಿ ನಮ್ಮ ಮಿತ್ರರು ಮಲಗಿಕೊಂಡೇ ಹಾಕಿದ ಸಹಿ ಸಾಲಿನಿಂದ ಕೆಳಗೆ ಜಾರಿ ಹೋಗಿತ್ತು. ಪ್ರತಿದಿನ ನೂರಾರು ಸಹಿಗಳನ್ನು ತಾಳೆ ನೋಡುವ ನಮಗೆ ಅದು ಅವರದೆಂದು ಗುರುತೇ ಹತ್ತಲಿಲ್ಲ.

"ವೈನಿ, ಇದನ್ನ ಇವತ್ತ ಕೊಡೋದು ಬ್ಯಾಡ್ರಿ, ಹದಿನೈದು ದಿವಸ ತಡೀರಿ" ಎಂದು ಲಕೋಟೆಯನ್ನು ನಮ್ಮ ಮೇಜಿನ ಖಾನೆಯಲ್ಲಿಟ್ಟೆವು. ನಿಜ ಹೇಳಬೇಕೆಂದರೆ, ಕಾನೂನು ಏನನ್ನುತ್ತದೆಂಬುದು ಅಂದು ನಮಗೂ ಸರಿಯಾಗಿ ತಿಳಿದಿರಲಿಲ್ಲ. ಆ ಹದಿನೈದು ದಿನಗಳಲ್ಲಿಯೂ ಅನಂತರದ ವರ್ಷಗಳಲ್ಲಿಯೂ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ. ರೈಲು, ದ್ವಿಚಕ್ರ ವಾಹನ, ಕಟ್ಟಡದ ಕೆಲಸ ಇವುಗಳ ನಡುವೆಯೇ ಬದುಕುವ ನಗರದ ಕುಟುಂಬಗಳಿಗೆ ಇದು ಯಾವ ದಿನ ಬೇಕಾದೀತೆಂದು ಹೇಳಲಾಗದು.

ಬೆನ್ನುಹುರಿಯೆಂದರೆ ಮೆದುಳಿನಿಂದ ಬೆನ್ನುಮೂಳೆಯ ಒಳಗೆ ಇಳಿದು ಬರುವ, ಸುಮಾರು 45 ಸೆಂಟಿಮೀಟರ್ ಉದ್ದದ, ಕಿರುಬೆರಳಿನ ದಪ್ಪದ ನರಗಳ ಕಟ್ಟು. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಹುರಿಯ ನರ ಹಾಗೆ ಕೂಡುವುದಿಲ್ಲ. ಪೆಟ್ಟು ಕತ್ತಿನ ಮಟ್ಟದಲ್ಲಾದರೆ ಕೈಕಾಲುಗಳೆರಡೂ, ಎದೆಯ ಅಥವಾ ಸೊಂಟದ ಮಟ್ಟದಲ್ಲಾದರೆ ಕಾಲುಗಳು ಸ್ವಾಧೀನ ಕಳೆದುಕೊಳ್ಳುತ್ತವೆ. ಹುರಿ ಪೂರ್ತಿ ಜಖಂಗೊಳ್ಳದೆ ಅರೆಬರೆ ಉಳಿದಿದ್ದರೆ ಮೊದಲ ತಿಂಗಳುಗಳಲ್ಲಿ ಒಂದಿಷ್ಟು ಶಕ್ತಿ ಮರಳುವುದುಂಟು. ಬಿದ್ದವರನ್ನು ಕೈಕಾಲು ಹಿಡಿದು ಜೋಲಿಯಂತೆ ಎತ್ತುವುದರಿಂದ ಉಳಿದಿದ್ದ ನರವೂ ಹಾಳಾಗಬಹುದಾದ್ದರಿಂದ, ಕತ್ತು ಮತ್ತು ಬೆನ್ನು ಅಲುಗಾಡದಂತೆ ಹಲಗೆಯ ಮೇಲೆ ಸಾಗಿಸಬೇಕೆಂಬುದನ್ನು ಮನೆಯ ಮಕ್ಕಳಿಗೂ ಹೇಳಿಕೊಡುವುದು ಒಳ್ಳೆಯದು.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಯಾವಾಗ ನಡೆದಾರು?" ಕೇಳುವವರ ಮನಸ್ಸು ಒಳ್ಳೆಯದೇ, ಆದರೆ ಈ ಪ್ರಶ್ನೆ ಕುಟುಂಬವನ್ನು ಬಹಳ ಬಡಮಾಡುತ್ತದೆ. ಎಣ್ಣೆ, ಲೇಪ, ಹರಕೆ ಮುಗಿದ ಮೇಲೆ ಈಚಿನ ವರ್ಷಗಳಲ್ಲಿ ಕಾಂಡಕೋಶ ಚಿಕಿತ್ಸೆಯ ಜಾಹೀರಾತುಗಳೂ ಸೇರಿಕೊಂಡಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಕೆಲವು ರಕ್ತಸಂಬಂಧಿ ಕಾಯಿಲೆಗಳನ್ನು ಬಿಟ್ಟರೆ ಕಾಂಡಕೋಶಗಳನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಬಳಸಬಹುದು. ಪ್ರಯೋಗಕ್ಕೆ ಒಳಗಾಗುವವರಿಂದ ಅದಕ್ಕಾಗಿ ಹಣ ವಸೂಲು ಮಾಡುವಂತಿಲ್ಲ. ಲಕ್ಷಗಟ್ಟಲೆ ಕೇಳುವವರು ಎದುರಾದರೆ ಇಷ್ಟು ನೆನಪಿದ್ದರೆ ಸಾಕು.

ನಡಿಗೆಯನ್ನು ಬದಿಗಿಟ್ಟು ಬದುಕನ್ನು ನೋಡಬೇಕೆಂಬ ತಿಳಿವು ವೈದ್ಯರಿಗೂ ತಡವಾಗಿಯೇ ಬಂದಿತು. ಎರಡನೆಯ ಮಹಾಯುದ್ಧದವರೆಗೆ ಇಂಥ ಪೆಟ್ಟು ತಿಂದವರಲ್ಲಿ ಬಹುಪಾಲು ಜನ ಹಾಸಿಗೆಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಸಾಯುತ್ತಿದ್ದರು. ಜರ್ಮನಿಯಿಂದ ಇಂಗ್ಲೆಂಡಿಗೆ ಓಡಿ ಬಂದ ಯಹೂದಿ ವೈದ್ಯ ಲುಡ್ವಿಗ್ ಗಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಮಾಡಿದ್ದು ಮೇಲುನೋಟಕ್ಕೆ ದೊಡ್ಡ ಶೋಧವೇನೂ ಅಲ್ಲ. ಹಗಲು ರಾತ್ರಿಯೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುಚಿಯಾಗಿಡುವುದು, ಆಮೇಲೆ ಅವರ ಕೈಗೆ ಒಂದು ಕೆಲಸವನ್ನೋ ಆಟವನ್ನೋ ಕೊಡುವುದು, ಇಷ್ಟೇ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಅವರು ಗಾಲಿಕುರ್ಚಿಯಲ್ಲಿದ್ದ 16 ಮಂದಿ ಮಾಜಿ ಯೋಧರಿಗೆ ಬಿಲ್ವಿದ್ಯೆಯ ಸ್ಪರ್ಧೆ ಏರ್ಪಡಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ.

ನಮ್ಮ ದೇಶದಲ್ಲಿ ಈ ಪಾಠವನ್ನು ಮೈಯಿಂದಲೇ ಕಲಿತವರು ಡಾ. ಮೇರಿ ವರ್ಗೀಸ್. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಎಳೆಯ ವೈದ್ಯೆಯಾಗಿದ್ದ ಅವರು 1954ರಲ್ಲಿ ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಶಕ್ತಿಯನ್ನೆಲ್ಲ ಕಳೆದುಕೊಂಡರು. ಕುಷ್ಠರೋಗಿಗಳ ಮುದುಡಿದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದ ಡಾ. ಪಾಲ್ ಬ್ರ್ಯಾಂಡ್ ಅವರಿಗೆ ದಾರಿ ತೋರಿದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತುಕೊಂಡೂ ಮಾಡಬಹುದಷ್ಟೆ. ನೆಟ್ಟಗೆ ಕುಳಿತಿರಲು ಸಾಧ್ಯವಾಗಲೆಂದು ತಮ್ಮ ಬೆನ್ನಿಗೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇರಿ, ಗಾಲಿಕುರ್ಚಿಯಿಂದಲೇ ಇತರರ ಕೈಗಳನ್ನು ನೆಟ್ಟಗೆ ಮಾಡತೊಡಗಿದರು. ಮುಂದೆ ವಿದೇಶದಲ್ಲಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. ಅಲ್ಲಿನ ಪುನರ್ವಸತಿ ಕೇಂದ್ರ 1966ರಲ್ಲಿ ಆರಂಭವಾಯಿತು.

ನಮಗೆ ಹತ್ತಿರದ ಇನ್ನೊಂದು ಹೆಸರು ಸಾಂಗ್ಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರ್ ಅವರದು. ಸೈನ್ಯದಲ್ಲಿ ಮುಷ್ಟಿಯೋಧರಾಗಿದ್ದ ಇವರಿಗೆ 1965ರ ಯುದ್ಧದಲ್ಲಿ ಗುಂಡುಗಳು ತಗುಲಿದವು. ಒಂದು ಗುಂಡು ಬೆನ್ನಿನಲ್ಲೇ ಉಳಿಯಿತು. ಚಿಕಿತ್ಸೆಯ ಅಂಗವಾಗಿ ಆರಂಭಿಸಿದ ಈಜಿನಲ್ಲಿಯೇ 1972ರ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಸ್ಪರ್ಧೆಯ ಚಿನ್ನವನ್ನು ಗೆದ್ದರು. ಪದ್ಮಶ್ರೀ ಬಂದದ್ದು 2018ರಲ್ಲಿ, ಅಂದರೆ 46 ವರ್ಷಗಳ ತರುವಾಯ! ಆದರೆ ಎಲ್ಲರೂ ಪದಕ ಗೆಲ್ಲಬೇಕಾಗಿಲ್ಲ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಕೆಲಸಕ್ಕೆ ಹೋಗಿ ಬರುವುದೇ ಬಹಳ ಮಂದಿಗೆ ಬೇಕಾದ ಗೆಲುವು.

ಆ ಗೆಲುವಿನ ಒಳಗುಟ್ಟು ಬಹಳ ಸಣ್ಣ ಸಂಗತಿಗಳಲ್ಲಿದೆ. ಇವನ್ನು ಮನೆಮಂದಿಗೆ ಬಿಡಿಸಿ ಹೇಳುವವರೇ ಕಡಿಮೆ. ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಒತ್ತಡ ತಿಳಿಯುವುದಿಲ್ಲ. ನಾವೆಲ್ಲ ಕುಳಿತಲ್ಲಿ ಅರಿವಿಲ್ಲದೆಯೇ ಮಿಸುಕಾಡುತ್ತಿರುತ್ತೇವೆ. ಅವರು ಗಡಿಯಾರ ನೋಡಿ, ಕಾಲು ಅಥವಾ ಅರ್ಧ ಗಂಟೆಗೊಮ್ಮೆ ಕೈಗಳ ಮೇಲೆ ಭಾರ ಹಾಕಿ ಮೈಯನ್ನು ಕುರ್ಚಿಯಿಂದ ಎತ್ತಬೇಕು. ರಾತ್ರಿ ಕೈಗನ್ನಡಿ ಹಿಡಿದು ಬೆನ್ನಿನ ಕೆಳಭಾಗ, ಪಿರ್ರೆ, ಹಿಮ್ಮಡಿ ಎಲ್ಲಿಯಾದರೂ ಕೆಂಪಾಗಿದೆಯೇ ಎಂದು ನೋಡಬೇಕು. ಒಂದು ಹುಣ್ಣು ಮೂಳೆಯವರೆಗೆ ಇಳಿದರೆ ತಿಂಗಳುಗಟ್ಟಲೆ ಬೋರಲು ಮಲಗುವುದೇ ಗತಿ. ಮೂತ್ರದ ವಿಷಯವೂ ಹಾಗೆಯೇ. ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ಶುಚಿಯಾದ ತೆಳು ನಳಿಕೆ ತೂರಿಸಿ ಮೂತ್ರಕೋಶವನ್ನು ಖಾಲಿ ಮಾಡಿಕೊಳ್ಳುವ ಕ್ರಮವನ್ನು ವೈದ್ಯರು ಕಲಿಸುತ್ತಾರೆ. ಸಂಕೋಚದಿಂದ ಇದನ್ನು ಕಡೆಗಣಿಸಿದರೆ ಮೂತ್ರಪಿಂಡಗಳೇ ಕೆಡುತ್ತವೆ. ಕಾಲುಗಳಿಗಿಂತ ಮೊದಲು ಕಾಪಾಡಬೇಕಾದವು ಚರ್ಮ ಮತ್ತು ಮೂತ್ರಪಿಂಡಗಳು. ಇದನ್ನೆಲ್ಲ ರೂಢಿ ಮಾಡಿಸಲು ಮುಂಬಯಿಯ ಹಾಜಿ ಅಲಿಯಲ್ಲಿರುವ, 1955ರಲ್ಲಿ ಸ್ಥಾಪನೆಯಾದ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆಯಂಥ ಕೇಂದ್ರಗಳಿವೆ. ವೆಲ್ಲೂರಿನಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಂಥ ವಿಭಾಗಗಳಿವೆ. ಆಸ್ಪತ್ರೆಯಿಂದ ನೇರ ಮನೆಗೆ ಕರೆತರದೆ ಕೆಲವು ವಾರ ಅಲ್ಲಿರಿಸುವುದು ಲೇಸು.

ಮನೆಗೆ ಬಂದ ಮೇಲೆ ಮೊದಲ ಅಡ್ಡಿ ಬಚ್ಚಲಮನೆಯ ಬಾಗಿಲು. ಸಾಧಾರಣ ಗಾಲಿಕುರ್ಚಿಯ ಅಗಲ 25 ಅಂಗುಲದ ಆಸುಪಾಸು. ಹಳೆಯ ಕಟ್ಟಡಗಳ ಬಚ್ಚಲ ಬಾಗಿಲು ಎಷ್ಟೋ ಕಡೆ ಅಷ್ಟೂ ಇರುವುದಿಲ್ಲ. ಬಾಗಿಲನ್ನೇ ಕಳಚಿ ಪರದೆ ಕಟ್ಟಿದರೆ ಒಂದೆರಡು ಅಂಗುಲ ಸಿಗುತ್ತದೆ. ಕುರ್ಚಿ ಕೊಳ್ಳುವ ಮೊದಲು ಮನೆಯ ಬಾಗಿಲುಗಳನ್ನು ಅಳೆಯಬೇಕೆಂಬುದು ನಮ್ಮ ಮಿತ್ರರ ಮನೆಯವರಿಗೆ ಕುರ್ಚಿ ಕೊಂಡ ಮೇಲೆ ತಿಳಿಯಿತು. ಕಟ್ಟಡದ ಮೆಟ್ಟಿಲ ಬಳಿ ಇಳಿಜಾರು ಕಟ್ಟಿಸುವಾಗ ಒಂದಕ್ಕೆ ಹನ್ನೆರಡರ ಲೆಕ್ಕವಿರಲಿ: ಆರು ಅಂಗುಲದ ಒಂದು ಮೆಟ್ಟಿಲಿಗೆ ಆರು ಅಡಿ ಉದ್ದ, ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ನಮ್ಮ ಹೌಸಿಂಗ್ ಸೊಸೈಟಿಗಳು ನಾಲ್ಕಡಿಯಲ್ಲಿ ಮುಗಿಸುವ ಇಳಿಜಾರುಗಳು ಸ್ಕೂಟರ್ ಏರಿಸಲಷ್ಟೇ ಅನುಕೂಲ.

ಇನ್ನು ಆ ಲಕೋಟೆಯ ವಿಷಯ. 1995ರ ಅಂಗವಿಕಲರ ಕಾಯಿದೆಯ 47ನೆಯ ಕಲಮು, ಸೇವೆಯಲ್ಲಿರುವಾಗ ಅಂಗವೈಕಲ್ಯ ಹೊಂದಿದ ನೌಕರನನ್ನು ಸರಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ ಎಂದು ವಿಧಿಸಿತ್ತು. ಕರ್ತವ್ಯದಲ್ಲಿದ್ದಾಗ ಪೆಟ್ಟಾಗಿ ಕಾಲು ಕಳೆದುಕೊಂಡು ಸೇವೆಯಿಂದ ಹೊರಬಿದ್ದ ಕುನಾಲ್ ಸಿಂಗ್ ಎಂಬ ಪೇದೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಈ ಕಲಮನ್ನು ಪಾಲಿಸಲೇಬೇಕೆಂದು ತೀರ್ಪಿತ್ತಿತು. ಈಗ ಅದರ ಸ್ಥಾನದಲ್ಲಿ 2016ರ ಕಾಯಿದೆಯ 20ನೆಯ ಕಲಮಿದೆ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿ, ಅದೇ ಸೌಲಭ್ಯಗಳಿರುವ ಬೇರೆ ಕೆಲಸ ಕೊಡಬೇಕು. ಅದೂ ಇಲ್ಲದಿದ್ದರೆ ತಕ್ಕ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಸರಕಾರದ ಒಡೆತನದ ಬ್ಯಾಂಕುಗಳಿಗೂ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಖಾಸಗಿ ನೌಕರರಿಗೆ ಈ ಕಲಮಿನ ಆಸರೆಯಿಲ್ಲವೆಂಬುದು ದೊಡ್ಡ ಕೊರತೆಯೇ ಸರಿ. ಮುಖ್ಯ ಮಾತೆಂದರೆ, ಸಂಸ್ಥೆ ತೆಗೆಯುವುದನ್ನು ಕಾನೂನು ತಡೆಯುತ್ತದೆ. ನೌಕರನೇ ರಾಜೀನಾಮೆ ಕೊಟ್ಟು ಅದು ಅಂಗೀಕಾರವಾದರೆ ಮರಳಿ ಪಡೆಯುವುದು ಬಹಳ ಕಷ್ಟ. ಮೊದಲ ತಿಂಗಳುಗಳ ದಿಗಿಲಿನಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬಾರದೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಪರಿಹಾರಗಳಿಗೆ ಕಾಲಮಿತಿಯಿದೆ. ಪ್ರಯಾಣಿಕರು ಓಡುವ ರೈಲಿನಿಂದ ಆಕಸ್ಮಿಕವಾಗಿ ಬಿದ್ದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು; ಗರಿಷ್ಠ ಮೊತ್ತ 2017ರಿಂದ 8 ಲಕ್ಷ ರೂಪಾಯಿ. ಟಿಕೆಟ್ ದೊರೆಯಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ, ಅಪಘಾತದಿಂದ ಎರಡೂ ಕಾಲುಗಳ ಬಳಕೆ ಶಾಶ್ವತವಾಗಿ ತಪ್ಪಿದರೆ 2 ಲಕ್ಷ ರೂಪಾಯಿ ಸಿಗುತ್ತದೆ. ಖಾತೆಯಿಂದ ಕಂತು ಕಡಿತವಾಗುತ್ತಿದ್ದರೂ ಅದು ಏತಕ್ಕೆಂದು ಮನೆಯವರಿಗೆ ತಿಳಿಯದೆ ಉಳಿಯುವುದುಂಟು. ಪಾಸ್‌ಬುಕ್ಕನ್ನು ಒಮ್ಮೆ ತೆಗೆದು ನೋಡಿ. ಇದಾದ ಮೇಲೆ ಅಂಗವೈಕಲ್ಯದ ಪ್ರಮಾಣಪತ್ರ ಹಾಗೂ ಯುಡಿಐಡಿ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು. ಹೆಚ್ಚಿನ ಸವಲತ್ತುಗಳಿಗೆ ಕನಿಷ್ಠ ಶೇಕಡಾ 40ರ ವೈಕಲ್ಯ ದಾಖಲಾಗಿರಬೇಕು.

ನಮ್ಮ ಮಿತ್ರರು ಹದಿಮೂರು ತಿಂಗಳ ಬಳಿಕ, ಬದಿಗೆ ಎರಡು ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಶಾಖೆಗೆ ಬಂದರು. ಕ್ಯಾಶ್ ಕೌಂಟರಿನ ಬದಲು ಠೇವಣಿ ವಿಭಾಗ ಕೊಡಲಾಗಿತ್ತು. ಕುರ್ಚಿಯ ಕೈಗಳು ಮೇಜಿನಡಿ ತೂರುವುದಿಲ್ಲವೆಂದು ಕಂಡೊಡನೆ ನಮ್ಮ ಸಿಪಾಯಿ ಯಾರ ಮಂಜೂರಾತಿಗೂ ಕಾಯದೆ ಮೇಜಿನ ನಾಲ್ಕು ಕಾಲುಗಳಿಗೂ ಮರದ ತುಂಡು ಕೊಟ್ಟು ಎತ್ತರಿಸಿದರು. ಸಂಜೆ ಲೆಕ್ಕ ತಾಳೆಯಾದ ಮೇಲೆ ನಾವು ಖಾನೆಯಿಂದ ಆ ಲಕೋಟೆಯನ್ನು ತೆಗೆದು ಅವರ ಮುಂದಿಟ್ಟೆವು. ಅವರು ಪತ್ರವನ್ನು ಓದಲಿಲ್ಲ. ಕೆಳಗಿನ ಸಹಿಯನ್ನಷ್ಟೇ ಕನ್ನಡಕ ಸರಿಪಡಿಸಿಕೊಂಡು ನೋಡಿ, "ಈ ಸಹಿ ಪಾಸ್ ಆಗೂದಿಲ್ರಿ" ಎಂದು ನಮ್ಮ ಕೈಗೇ ತಿರುಗಿ ಕೊಟ್ಟರು.